ಎಂಬತ್ತರ ದಶಕದ 1/12 ಪ್ಯಾನ್ ಕಾರು: ಬೆಂಗಳೂರಲ್ಲಿ ಸಿಗುವ ಸಾಮಾನಿನಿಂದ ಹೊಸದಾಗಿ ಕಟ್ಟಿದ ದಾಖಲೆ

ಹಳೆಯ 1/12 (ಅಸಲಿ ಕಾರಿನ ಹನ್ನೆರಡನೇ ಒಂದು ಅಳತೆಯ) ರೇಡಿಯೋ ಕಂಟ್ರೋಲ್ ಎಲೆಕ್ಟ್ರಿಕ್ ರೇಸ್ ಕಾರಿನ ಬಾಡಿ ಎತ್ತಿ ನೋಡಿದವರು ಮೊದಲು ಕೇಳುವುದು "ಸಸ್ಪೆನ್ಷನ್ ಎಲ್ಲಿ?" ಎಂದು. ಒಂದು ಚಪ್ಪಟೆ ಹಾಳೆ, ಹಿಂದೆ ಮೋಟಾರ್, ಮುಂದೆ ಎರಡು ಪುಟ್ಟ ಸ್ಪ್ರಿಂಗ್, ಅಷ್ಟೇ. ಪ್ಯಾನ್ ಕಾರು ಎನ್ನುವುದು ಇದನ್ನೇ. ಅದು ಹಾಗಿರುವುದಕ್ಕೆ ಕಾರಣ ಬ್ಯಾಟರಿ. ಆಗ ಇದ್ದದ್ದು 6 ಸೆಲ್ಲಿನ 7.2 ವೋಲ್ಟ್ ನಿಕಲ್-ಕ್ಯಾಡ್ಮಿಯಂ ಪ್ಯಾಕ್, 1200 ಮಿಲಿಆಂಪ್-ಅವರ್. ರೇಸ್ 8 ನಿಮಿಷ. 1.2 ಆಂಪ್-ಅವರನ್ನು 8 ನಿಮಿಷಕ್ಕೆ ಹಂಚಿದರೆ ಸರಾಸರಿ 9 ಆಂಪ್. ಅದಕ್ಕಿಂತ ಹೆಚ್ಚು ಎಳೆಯುವ ಕಾರು ಎಷ್ಟೇ ಜೋರಾಗಿ ಓಡಿದರೂ ಏಳನೇ ನಿಮಿಷದಲ್ಲಿ ನಿಂತುಬಿಡುತ್ತದೆ. ಹಾಗಾಗಿ ಪ್ರತಿ ಗ್ರಾಂಗೂ ಪ್ರತಿ ಬೇರಿಂಗ್‌ಗೂ ಲೆಕ್ಕ ಕೊಡಬೇಕಿತ್ತು. ಗೇರ್‌ಬಾಕ್ಸ್ ಬೇಡ, ಪಿನಿಯನ್ (ಮೋಟಾರ್ ಶಾಫ್ಟಿನ ಪುಟ್ಟ ಗೇರ್) ನೇರವಾಗಿ ಆಕ್ಸಲ್ ಮೇಲಿನ ದೊಡ್ಡ ಸ್ಪರ್ ಗೇರನ್ನೇ ತಿರುಗಿಸಲಿ. ಸಸ್ಪೆನ್ಷನ್ ಬೇಡ, ಹಾಳೆಯೇ ಬಾಗಲಿ.

ಟಾಮಿಯಾ ತನ್ನ ಮೊದಲ ರೇಡಿಯೋ ಕಂಟ್ರೋಲ್ ಕಾರು ಪೋರ್ಷೆ 934 ಅನ್ನು 1976ರಲ್ಲಿ ತಂದದ್ದೂ ಇದೇ 1/12 ಅಳತೆಯಲ್ಲಿ. 1982ರಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಈ ವರ್ಗದ ವಿಶ್ವ ಚಾಂಪಿಯನ್‌ಶಿಪ್ ನಡೆಯುವ ಹೊತ್ತಿಗೆ ಪ್ಯಾನ್ ಕಾರಿನ ಮೂಲ ರೂಪ ಗಟ್ಟಿಯಾಗಿತ್ತು. ಅಂದಿನ ಅಸಲಿ ಕಾರು ಈಗ ಸಿಕ್ಕರೂ ಬಿಡಿಭಾಗ ಸಿಗುವುದು ಕಷ್ಟ. ಆದರೆ ವಿನ್ಯಾಸ ಎಷ್ಟು ಸರಳವೆಂದರೆ, ಬೆಂಗಳೂರಿನ ಎಸ್‌ಪಿ ರೋಡ್ (ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಮತ್ತು ಪೀಣ್ಯ (ಕಾರ್ಖಾನೆ ಪ್ರದೇಶ) ಸುತ್ತಿದರೆ ಇಡೀ ಕಾರನ್ನು ಸೊನ್ನೆಯಿಂದ ಕಟ್ಟಬಹುದು. ಇಲ್ಲಿರುವ ಅಳತೆಗಳು ಹಾಗೆ ಕಟ್ಟಿದ ಕಾರಿನವು. ಯಾವುದೇ ಕಂಪನಿಯ ಕಾರಿನ ನಕಲಲ್ಲ.

ಮೂಲ ಅಳತೆ: ವ್ಹೀಲ್‌ಬೇಸ್ (ಮುಂದಿನ ಹಿಂದಿನ ಆಕ್ಸಲ್‌ಗಳ ಅಂತರ) 190 ಮಿ.ಮೀ., ಹೊರಗಿನಿಂದ ಹೊರಗೆ ಅಗಲ 168 (ಈ ವರ್ಗದ ಮಿತಿ 172), ಹಿಂದಿನ ಟೈರ್ 50 ವ್ಯಾಸ 38 ಅಗಲ, ಮುಂದಿನದು 46 ವ್ಯಾಸ 25 ಅಗಲ. ಓಡಲು ಸಿದ್ಧವಾದಾಗ ತೂಕ 900 ಗ್ರಾಂ ಒಳಗೆ.

ಹಾಳೆ

ಚಾಸಿಗೆ ಬೇಕಾದದ್ದು 2.4 ಮಿ.ಮೀ. ಎಫ್‌ಆರ್-4, ಅಂದರೆ ಗ್ಲಾಸ್ ಎಪಾಕ್ಸಿ ಶೀಟ್. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೇಳಿದರೆ ತಾಮ್ರ ಹೊದಿಸಿದ ಪಿಸಿಬಿ ಬೋರ್ಡ್ ಕೊಡುತ್ತಾರೆ, ಅದು ಬೇಡ. ಮೋಟಾರ್ ವೈಂಡಿಂಗ್‌ನವರಿಗೆ ಇನ್ಸುಲೇಷನ್ ಸಾಮಾನು ಮಾರುವವರ ಹತ್ತಿರ ತಾಮ್ರವಿಲ್ಲದ ತಿಳಿಹಸಿರು ಶೀಟ್ ಇರುತ್ತದೆ. ಅಲ್ಲೇ ಪಕ್ಕದಲ್ಲಿ ಅಗ್ಗಕ್ಕೆ ಸಿಗುವ ಕಂದು ಹೈಲಮ್ ಶೀಟ್ ಕಡೆ ಕೈ ಹಾಕಬೇಡಿ. ಒಂದು ಸಲ ಗೋಡೆಗೆ ಗುದ್ದಿದರೆ ಪದರ ಬಿಡುತ್ತದೆ, ಬಾಗಿದ್ದು ಮೊದಲಿನ ಜಾಗಕ್ಕೆ ವಾಪಸ್ ಬರುವುದಿಲ್ಲ.

1.6 ಸಾಲದೇ ಎಂಬ ಪ್ರಶ್ನೆ ಏಳುತ್ತದೆ. ಈ ಆಕಾರದ ಚಾಸಿಯ ವಿಸ್ತೀರ್ಣ ಸುಮಾರು 140 ಚದರ ಸೆಂ.ಮೀ. ಎಫ್‌ಆರ್-4 ಸಾಂದ್ರತೆ 1.85 ಎಂದಿಟ್ಟುಕೊಂಡರೆ 2.4ರಲ್ಲಿ 62 ಗ್ರಾಂ, 1.6ರಲ್ಲಿ 41. ಉಳಿಯುವ 21 ಗ್ರಾಂ ಆಸೆ ಹುಟ್ಟಿಸುತ್ತದೆ ನಿಜ. ಆದರೆ ಸೆಲ್ ಕೂರಿಸಲು ಉದ್ದುದ್ದ ಸೀಳು ತೆಗೆದ ಮೇಲೆ 1.6ರ ಹಾಳೆ ತಿರುಚಿಕೊಳ್ಳುತ್ತದೆ. ಇನ್ನೊಂದು ಕಾರಣವೂ ಇದೆ. ಎಂ3 ಕೌಂಟರ್‌ಸಂಕ್ (ತಲೆ ಹಾಳೆಯೊಳಗೆ ಹೂತು ಕೂರುವ) ಸ್ಕ್ರೂ ತಲೆಯೇ ಸುಮಾರು 1.7 ಮಿ.ಮೀ. ಆಳ. 2.4ರಲ್ಲಿ ಅದರ ಕೆಳಗೆ 0.7 ಉಳಿಯುತ್ತದೆ; 1.6ರಲ್ಲಿ ತಲೆ ಆ ಕಡೆಗೆ ತೂರಿ ಬರುತ್ತದೆ.

ಲೇಸರ್ ಕಟಿಂಗ್‌ನವರ ಹತ್ತಿರ ಹೋಗಿ ಪ್ರಯೋಜನವಿಲ್ಲ. ಅಕ್ರಿಲಿಕ್ ಕತ್ತರಿಸುವ ಲೇಸರ್‌ಗೆ ಎಫ್‌ಆರ್-4 ಕೊಟ್ಟರೆ ಅಂಚು ಕರಕಲಾಗುತ್ತದೆ, ಹೊಗೆಯೂ ಒಳ್ಳೆಯದಲ್ಲ. ಪೀಣ್ಯದಲ್ಲಿ ಜಾಬ್ ವರ್ಕ್ ಮಾಡುವ ಸಿಎನ್‌ಸಿ ರೌಟರ್‌ನವರಿಗೆ (ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರ) ಚಿತ್ರದ ಡಿಎಕ್ಸ್‌ಎಫ್ ಫೈಲ್ ಕೊಡಿ. ಕಾರ್ಬೈಡ್ ಕಟರ್ ಎಂದು ಖಚಿತಪಡಿಸಿಕೊಳ್ಳಿ, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಆದರೆ ಅರ್ಧ ಚಾಸಿಗೇ ಮೊಂಡಾಗುತ್ತದೆ. ಸೀಳಿನ ಒಳಮೂಲೆಗಳಿಗೆ 3 ಮಿ.ಮೀ. ತ್ರಿಜ್ಯ ಕೊಟ್ಟು ಚಿತ್ರ ಬರೆಯಿರಿ. ಹಾಳೆ ಸೀಳುವುದು ಯಾವಾಗಲೂ ಚೂಪು ಮೂಲೆಯಿಂದಲೇ. ಮನೆಯಲ್ಲಿ ಅರ ಹಾಕಿ ತೀಡುವಾಗ ನೀರು ಚಿಮುಕಿಸಿ, ಮಾಸ್ಕ್ ಹಾಕಿ. ಗಾಜಿನ ನಾರಿನ ಪುಡಿ ಚರ್ಮಕ್ಕೆ ತುರಿಕೆ, ಶ್ವಾಸಕೋಶಕ್ಕೆ ಅದಕ್ಕಿಂತ ಕೆಟ್ಟದ್ದು. ತೀಡಿದ ಅಂಚಿಗೆಲ್ಲ ತೆಳುವಾಗಿ ಸೂಪರ್ ಗ್ಲೂ ಹರಿಸಿದರೆ ನಾರು ಎದ್ದು ಬರುವುದಿಲ್ಲ.

ಸೆಲ್ ಸೀಳಿನ ಲೆಕ್ಕ

ಸೆಲ್‌ಗಳು ಎಡಕ್ಕೆ ಮೂರು, ಬಲಕ್ಕೆ ಮೂರು, ಒಂದರ ಹಿಂದೊಂದು ಉದ್ದುದ್ದಕ್ಕೆ. ಸಬ್-ಸಿ (ಈ ಪ್ಯಾಕ್‌ನಲ್ಲಿರುವ ಅಳತೆಯ) ಸೆಲ್ 43 ಮಿ.ಮೀ. ಉದ್ದ, ಬೆಸುಗೆಯ ಜಾಗ ಸೇರಿ ಮೂರಕ್ಕೆ 132. ಮುಂದಿನ ಟೈರಿನ ಹಿಂಬದಿಯಿಂದ ಹಿಂದಿನ ಟೈರಿನ ಮುಂಬದಿಗೆ ಇರುವುದು 190ರಲ್ಲಿ ಟೈರ್‌ಗಳ ತ್ರಿಜ್ಯ 23 ಮತ್ತು 25 ಕಳೆದರೆ 142. ಅಂದರೆ ಎರಡೂ ತುದಿಯಲ್ಲಿ 5 ಮಿ.ಮೀ. ಬಿಡುವು. ವ್ಹೀಲ್‌ಬೇಸನ್ನು ಇದಕ್ಕಿಂತ ಗಿಡ್ಡ ಮಾಡಲು ಬರುವುದಿಲ್ಲ.

ಸೆಲ್ ಹಾಳೆಯ ಮೇಲೆ ಕೂರಬಾರದು, ಸೀಳಿನೊಳಗೆ ಇಳಿಯಬೇಕು. 280 ಗ್ರಾಂ ತೂಕ ಎರಡು ಮಿ.ಮೀ. ಕೆಳಗಿಳಿದರೆ ತಿರುವಿನಲ್ಲಿ ಗೊತ್ತಾಗುತ್ತದೆ. ಸೀಳಿನ ಅಗಲ ಎಷ್ಟಿರಬೇಕು? ಸುತ್ತಿದ ಪ್ಲಾಸ್ಟಿಕ್ ಸೇರಿ ನಮ್ಮ ಸೆಲ್‌ಗಳ ವ್ಯಾಸ 22.2. 16 ಮಿ.ಮೀ. ಸೀಳು ಕೊಟ್ಟರೆ ಸೆಲ್ 3.4 ಇಳಿದು 2.4ರ ಹಾಳೆಯಿಂದ 1 ಮಿ.ಮೀ. ಕೆಳಗೆ ಇಣುಕುತ್ತದೆ, ನೆಲಕ್ಕೆ ಉಜ್ಜುತ್ತದೆ. 14 ಕೊಟ್ಟರೆ 2.5, ಆಗಲೂ ಕೂದಲೆಳೆಯಷ್ಟು ಹೊರಗೆ. 13 ಕೊಟ್ಟರೆ 2.1 ಇಳಿದು ಹಾಳೆಯ ತಳಕ್ಕಿಂತ 0.3 ಮೇಲೆಯೇ ನಿಲ್ಲುತ್ತದೆ. ಹಾಗಾಗಿ 13. ನಿಮ್ಮ ಸೆಲ್ಲನ್ನು ಮೊದಲು ವರ್ನಿಯರ್‌ನಲ್ಲಿ ಅಳೆದು ಆಮೇಲೆ ಫೈಲ್ ಕೊಡಿ, ಅರ್ಧ ಮಿ.ಮೀ. ದಪ್ಪದ ಸೆಲ್‌ಗೆ ಲೆಕ್ಕ ಬೇರೆ.

ಸೀಳಿನ ಮೇಲಂಚನ್ನು 45 ಡಿಗ್ರಿ ಇಳಿಜಾರಾಗಿ ತೀಡಲೇಬೇಕು. ಸೆಲ್ಲಿನ ಲೋಹದ ಡಬ್ಬಿ ಪೂರ್ತಿ ನೆಗೆಟಿವ್. ಆರೂ ಡಬ್ಬಿಗಳು ಆರು ಬೇರೆ ಬೇರೆ ವೋಲ್ಟೇಜಿನಲ್ಲಿರುತ್ತವೆ. ಚೂಪು ಅಂಚು ಅಲುಗಾಟಕ್ಕೆ ಪ್ಲಾಸ್ಟಿಕ್ ಹೊದಿಕೆಯನ್ನು ಕೊಯ್ಯುತ್ತದೆ. ಎಫ್‌ಆರ್-4 ವಿದ್ಯುತ್ ಹಾಯಿಸುವುದಿಲ್ಲವಾದ್ದರಿಂದ ಅಷ್ಟಕ್ಕೇ ಮುಗಿಯುತ್ತದೆ. ಕಾರ್ಬನ್ ಫೈಬರ್ ಹಾಳೆಯಾದರೆ ಎರಡು ಸೆಲ್ ಶಾರ್ಟ್ ಆಗಿ ಬೆಂಕಿ. ಕಾರ್ಬನ್ ನೋಡಲು ಚಂದ ಎಂದು ಈ ವಿನ್ಯಾಸಕ್ಕೆ ಹಾಕುವವರು ಇದನ್ನು ಮರೆಯಬಾರದು.

ಸೆಲ್ ಬೆಸುಗೆಗೆ 25 ವ್ಯಾಟ್ ಐರನ್ ಸಾಲದು. 80 ವ್ಯಾಟ್‌ನದ್ದು, ದಪ್ಪ ಬಿಟ್ ಇರುವುದು ಬೇಕು. ಸೆಲ್ ತುದಿಯನ್ನು ಎಮರಿ ಕಾಗದದಲ್ಲಿ ಉಜ್ಜಿ, ಫ್ಲಕ್ಸ್ ಹಚ್ಚಿ, ಎರಡು ಮೂರು ಸೆಕೆಂಡಿನಲ್ಲಿ ಸೀಸ ಹಿಡಿಸಿ ಕೈ ತೆಗೆಯಬೇಕು. ಸಣ್ಣ ಐರನ್ ಇಟ್ಟುಕೊಂಡು ಅರ್ಧ ನಿಮಿಷ ಒತ್ತಿದರೆ ಬೆಸುಗೆ ಹಿಡಿಯುವ ಹೊತ್ತಿಗೆ ಒಳಗಿನ ಸೀಲ್ ಬೆಂದಿರುತ್ತದೆ. ಪಾಸಿಟಿವ್ ತುದಿಗೆ ಫೈಬರ್ ವಾಷರ್ ಹಾಕಿ, ತಾಮ್ರದ ಹೆಣಿಗೆ ಪಟ್ಟಿಯಿಂದ ಜೋಡಿಸಿ. ಎರಡು ಸಾಲುಗಳನ್ನು ಉಲ್ಟಾ ದಿಕ್ಕಿಗಿಟ್ಟರೆ ಮುಂದೆ ಒಂದು ಅಡ್ಡ ತಂತಿ ಸಾಕು, ಎರಡೂ ಲೀಡ್ ಹಿಂದೆ ಮೋಟಾರ್ ಹತ್ತಿರವೇ ಬರುತ್ತವೆ. ಕೊನೆಗೆ ಗಾಜುನಾರಿನ ಎಳೆಯಿರುವ ಪ್ಯಾಕಿಂಗ್ ಟೇಪ್‌ನಿಂದ ಬಿಗಿಯಾಗಿ ಕಟ್ಟಿ. ಹಾಗೆ ಕಟ್ಟಿದ ಸೆಲ್ ಸಾಲು ಚಾಸಿಗೆ ಬೆನ್ನುಮೂಳೆಯ ಕೆಲಸವನ್ನೂ ಮಾಡುತ್ತದೆ. ಟೇಪ್ ಸಡಿಲವಿದ್ದರೆ ಕಾರಿನ ವರ್ತನೆಯೇ ಬದಲಾಗುತ್ತದೆ.

ಈಗಿನ 2 ಸೆಲ್ಲಿನ ಲಿಪೊ (ಲಿಥಿಯಂ-ಪಾಲಿಮರ್) ಬ್ಯಾಟರಿ ಹಾಕಬಹುದೇ? ಹಾಕಬಹುದು, ತೂಕ ಸಾಕಷ್ಟು ಇಳಿಯುತ್ತದೆ. ಆದರೆ ಪಕ್ಕಗಳಲ್ಲಿದ್ದ ತೂಕ ನಡುವಿಗೆ ಬಂದು ಕಾರು ಚಂಚಲವಾಗುತ್ತದೆ, ಹಳೆಯ ಗುಣ ಉಳಿಯುವುದಿಲ್ಲ. ಕಾರ್ಡ್‌ಲೆಸ್ ಡ್ರಿಲ್ ಪ್ಯಾಕ್‌ಗೆ ಹಾಕುವ ಸಬ್-ಸಿ ಸೆಲ್ ಎಸ್‌ಪಿ ರೋಡಿನಲ್ಲಿ ಬಿಡಿಯಾಗಿ ಸಿಗುತ್ತದೆ, ಅದನ್ನೇ ಬಳಸಿ.

ಟಿ-ಬಾರ್

ಹಿಂದಿನ ಪಾಡ್ (ಮೋಟಾರ್, ಆಕ್ಸಲ್, ಎರಡು ಪಕ್ಕದ ಪ್ಲೇಟ್) ಮುಖ್ಯ ಚಾಸಿಗೆ ಸೇರುವುದು ಟಿ ಆಕಾರದ ಒಂದು ಪಟ್ಟಿಯಿಂದ ಮಾತ್ರ. ಈ ಕಾರಿನ ಅತಿ ಸೊಗಸಾದ ಭಾಗ ಇದೇ. ಅಡ್ಡ ಕಡ್ಡಿ ಪಾಡ್‌ಗೆ, ಉದ್ದ ಕಾಲು ಚಾಸಿಗೆ. ಕಾಲು ತಿರುಚಿದರೆ ಹಿಂದಿನ ಎರಡೂ ಚಕ್ರ ಒಟ್ಟಾಗಿ ವಾಲುತ್ತವೆ, ಬಾಗಿದರೆ ಮೇಲೆ ಕೆಳಗೆ ಆಡುತ್ತವೆ. ಸ್ಪ್ರಿಂಗ್, ಆರ್ಮ್, ಜಾಯಿಂಟ್ ಮೂರರ ಕೆಲಸ ಕೆಲವೇ ಗ್ರಾಂ ತೂಕದ ಒಂದೇ ತುಂಡಿನಲ್ಲಿ.

ದಪ್ಪ 1.6, ಕಾಲಿನ ಅಗಲ 16, ಬಿಡುವಿರುವ ಉದ್ದ 70. ತಿರುಚುವ ಬಿಗಿ ಅಗಲಕ್ಕೆ ನೇರ ಅನುಪಾತದಲ್ಲೂ ದಪ್ಪದ ಘನಕ್ಕೂ ಹೋಗುತ್ತದೆ. ಹಾಗಾಗಿ 1.6 ಬದಲು 2.4 ಹಾಕಿದರೆ ಸುಮಾರು 3.4 ಪಟ್ಟು ಬಿಗಿ, ಕಾರು ಮರದ ಹಲಗೆಯಂತೆ ಜಿಗಿಯುತ್ತದೆ. 1.2 ಹಾಕಿದರೆ ಬಿಗಿ ಅರ್ಧಕ್ಕಿಂತ ಕಡಿಮೆ. ಅಗಲವನ್ನು 16ರಿಂದ 12ಕ್ಕೆ ಅರ ಹಾಕಿ ಇಳಿಸಿದರೆ ಕಾಲು ಭಾಗ ಮಾತ್ರ ಮೃದು. ದೊಡ್ಡ ಬದಲಾವಣೆಗೆ ದಪ್ಪ, ಸಣ್ಣ ಹೊಂದಿಕೆಗೆ ಅಗಲ. ಮುಂತುದಿಯ ಸ್ಕ್ರೂ ಕೆಳಗೂ ಮೇಲೂ ರಬ್ಬರ್ ಓ-ರಿಂಗ್ ಇರಬೇಕು, ನಟ್ ನೈಲಾಕ್ (ಒಳಗೆ ನೈಲಾನ್ ಬಳೆಯಿರುವುದು) ಆಗಿರಬೇಕು. ಓ-ರಿಂಗ್ ಚಪ್ಪಟೆಯಾಗುವಷ್ಟು ಬಿಗಿದರೆ ಹಾಕಿ ಫಲವಿಲ್ಲ.

ಬಿರುಕು ಬರುವುದು ಕಾಲು ಮತ್ತು ಅಡ್ಡ ಕಡ್ಡಿ ಕೂಡುವ ಒಳಮೂಲೆಯಲ್ಲಿ. ಅಲ್ಲಿ 4 ಮಿ.ಮೀ. ತ್ರಿಜ್ಯವಾದರೂ ಇರಲಿ. ಎಫ್‌ಆರ್-4 ಒಳಗಿನ ನೇಯ್ಗೆ ಹಾಸಿನ ದಿಕ್ಕಿನಲ್ಲಿ ಸ್ವಲ್ಪ ಗಟ್ಟಿ, ಹೊಕ್ಕಿನ ದಿಕ್ಕಿನಲ್ಲಿ ಸ್ವಲ್ಪ ಕಡಿಮೆ. ಎಲ್ಲ ಟಿ-ಬಾರ್‌ಗಳನ್ನೂ ಶೀಟಿನ ಮೇಲೆ ಒಂದೇ ದಿಕ್ಕಿಗಿಟ್ಟು ಕತ್ತರಿಸಿ, ಇಲ್ಲದಿದ್ದರೆ ಒಂದು ಮುರಿದು ಇನ್ನೊಂದು ಹಾಕಿದಾಗ ಕಾರು ಬೇರೆಯಾಗಿ ಓಡುತ್ತದೆ.

ಪಾಡ್, ಮೋಟಾರ್, ಗೇರ್

ಪಾಡ್‌ನ ತಳವೂ 2.4 ಎಫ್‌ಆರ್-4. ಪಕ್ಕದ ಪ್ಲೇಟ್‌ಗಳು 5 ಮಿ.ಮೀ. ಅಲ್ಯೂಮಿನಿಯಂ, ಒಳ ಅಂತರ 62. ಕಡಿಮೆ ದಪ್ಪದ್ದು ಸಾಕೆನಿಸಬಹುದು. ಆದರೆ ತಳದಿಂದ ಎಂ3 ಟ್ಯಾಪ್ ಹಾಕಲು ದಪ್ಪ ಬೇಕು, ಮೋಟಾರಿನ ಶಾಖ ಹೀರುವುದೂ ಅದೇ.

ಆಕ್ಸಲ್‌ಗೆ ಹಳೆಯ ಅಮೆರಿಕನ್ ಕಾರುಗಳಲ್ಲಿ ಕಾಲು ಇಂಚಿನ ಸರಳು. ಎಲ್ಲವನ್ನೂ ಇಲ್ಲೇ ಮಾಡಿಸುವುದಾದರೆ 6 ಮಿ.ಮೀ. ಒಳ್ಳೆಯದು, 6×10×3ರ ಫ್ಲ್ಯಾಂಜ್ ಬೇರಿಂಗ್ ಸುಲಭವಾಗಿ ಸಿಗುತ್ತದೆ. ಸರಳು ಸಿಲ್ವರ್ ಸ್ಟೀಲ್ ಇರಲಿ, ಸೆಂಟರ್‌ಲೆಸ್ ಗ್ರೈಂಡಿಂಗ್ ಆದದ್ದು. ಅಂಗಡಿಯಲ್ಲೇ ಗಾಜಿನ ಕೌಂಟರ್ ಮೇಲೆ ಉರುಳಿಸಿ ನೋಡಿ, ಬಾಗಿದ್ದರೆ ಬೆಳಕು ಮಿಣುಕುತ್ತದೆ.

540 ಎಂಬ ಅಳತೆಯ ಮೋಟಾರ್: ವ್ಯಾಸ 36, ಶಾಫ್ಟ್ 3.17, ಎರಡು ಎಂ3 ರಂಧ್ರಗಳು 25 ಮಿ.ಮೀ. ಅಂತರದಲ್ಲಿ. 48 ಪಿಚ್ (ಇಂಚು ವ್ಯಾಸಕ್ಕೆ 48 ಹಲ್ಲು) ಗೇರ್ ಆಯ್ದುಕೊಂಡರೆ ಪ್ರತಿ ಹಲ್ಲಿಗೆ ವ್ಯಾಸ 0.529 ಮಿ.ಮೀ. ಸ್ಪರ್ 72, ಪಿನಿಯನ್ 16 ಎಂದರೆ ಕೇಂದ್ರದಿಂದ ಕೇಂದ್ರಕ್ಕೆ 23.28. ಅದರಲ್ಲಿ ಮೋಟಾರಿನ ತ್ರಿಜ್ಯ 18, ಆಕ್ಸಲಿನದು 3 ಕಳೆದರೆ ಎರಡರ ನಡುವೆ 2.28 ಉಳಿಯುತ್ತದೆ. ಪಿನಿಯನ್ ಒಂದು ಹಲ್ಲು ಬದಲಾದರೆ ಮೋಟಾರ್ 0.26 ಸರಿಯಬೇಕು, ಆದ್ದರಿಂದ ಮೋಟಾರ್ ರಂಧ್ರಗಳನ್ನು ಹಿಂದೆ ಮುಂದೆ 2 ಮಿ.ಮೀ. ಉದ್ದ ಮಾಡಿಸಿ. ಎರಡೂ ಗೇರಿನ ಹಲ್ಲು ಕೂಡಿಸಿ 84ಕ್ಕಿಂತ ಕಡಿಮೆಯಾದರೆ ಮೋಟಾರ್ ಆಕ್ಸಲಿಗೆ ಮುತ್ತಿಡುವಷ್ಟು ಹತ್ತಿರ ಬರುತ್ತದೆ, ಅಲ್ಲಿಗೆ ಇಳಿಯಬೇಡಿ.

ಮೋಟಾರ್ ಸ್ಕ್ರೂ ಎಂ3×8, ಒಂದು ತೆಳು ವಾಷರ್. 5 ಮಿ.ಮೀ. ಪ್ಲೇಟ್ ದಾಟಿ ಮೋಟಾರೊಳಗೆ ಹೋಗುವುದು ಎರಡೂವರೆ ಮಿ.ಮೀ. ಕೈಗೆ ಸಿಕ್ಕಿತೆಂದು 12ರ ಸ್ಕ್ರೂ ಹಾಕಿದರೆ ಒಳಗಿನ ವೈಂಡಿಂಗ್ ಕೊಯ್ದುಹೋಗುತ್ತದೆ. 540 ಹೀಗೆ ಸಾಯುವುದುಂಟು.

ಎತ್ತರದ ಲೆಕ್ಕವೂ ಇಲ್ಲೇ ಬರುತ್ತದೆ. ಆಕ್ಸಲ್ ನೆಲದಿಂದ 25ರಲ್ಲಿ, ಮೋಟಾರ್ ಕೇಂದ್ರವೂ 25ರಲ್ಲಿ. ಅಂದರೆ ಮೋಟಾರ್ ತಳ 7.0. ಹಾಳೆಯ ತಳ ನೆಲದಿಂದ 5 ಇದ್ದರೆ ಮೇಲ್ಮೈ 7.4. ಮೋಟಾರ್ 0.4ರಷ್ಟು ಹಾಳೆಯೊಳಗೆ ಹೋಗಬೇಕು, ಆದ್ದರಿಂದ ಪಾಡ್ ತಳದಲ್ಲಿ 12 ಮಿ.ಮೀ. ಅಗಲದ ಕಿಟಕಿ. ಟೈರ್ ಸವೆದು 46ಕ್ಕೆ ಬಂದಾಗ ಆಕ್ಸಲ್ 2 ಮಿ.ಮೀ. ಕುಸಿದು ಹಾಳೆ 3ಕ್ಕೆ ಇಳಿಯುತ್ತದೆ. ಅದಕ್ಕೇ ಬೇರಿಂಗ್‌ಗಳನ್ನು ನೇರ ಪ್ಲೇಟಿಗೆ ಒತ್ತದೆ, ರಂಧ್ರ ಕೇಂದ್ರ ತಪ್ಪಿಸಿ ಕೊರೆದ ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಬುಷ್‌ನಲ್ಲಿ ಕೂರಿಸುವುದು. 0, 1, 2 ಮಿ.ಮೀ. ತಪ್ಪಿಸಿದ ಮೂರು ಜೊತೆ ಟರ್ನರ್ ಹತ್ತಿರ ಒಟ್ಟಿಗೇ ಮಾಡಿಸಿಟ್ಟುಕೊಳ್ಳಿ. ಬುಷ್ ಬದಲಿಸಿದಾಗ ಗೇರ್ ಅಂತರ 0.1ರ ಹತ್ತಿರ ಬದಲಾಗುತ್ತದೆ, ಮೆಶ್ (ಹಲ್ಲುಗಳ ಹೊಂದಿಕೆ) ಮತ್ತೆ ನೋಡಬೇಕು. ಎರಡು ಗೇರ್ ನಡುವೆ ಪತ್ರಿಕೆಯ ಕಾಗದದ ಚೂರು ಹಾಯಿಸಿ ಮೋಟಾರ್ ಬಿಗಿಯಿರಿ. ಕಾಗದ ಹರಿಯದೆ ಮಡಿಕೆ ಬಿದ್ದು ಹೊರಬಂದರೆ ಸರಿ.

ಬಾಲ್ ಡಿಫರೆನ್ಷಿಯಲ್‌ಗೆ (ತಿರುವಿನಲ್ಲಿ ಹಿಂದಿನ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಜೋಡಣೆ) ಸ್ಪರ್ ಗೇರಿನಲ್ಲೇ 25 ಮಿ.ಮೀ. ವೃತ್ತದ ಮೇಲೆ 12 ರಂಧ್ರ, 3.2 ಡ್ರಿಲ್, ಒಂದೊಂದರಲ್ಲೂ 1/8 ಇಂಚಿನ ಉಕ್ಕಿನ ಗುಂಡು. ಗುಂಡು 3.175, ಹಾಗಾಗಿ ಗೇರಿನ ಆ ಭಾಗ 2.5ಕ್ಕಿಂತ ದಪ್ಪ ಇರಬಾರದು. ಎರಡೂ ಪಕ್ಕ ಗಟ್ಟಿ ಉಕ್ಕಿನ ರಿಂಗ್. ರಿಂಗನ್ನು ಗಾಜಿನ ಮೇಲೆ 600, ಆಮೇಲೆ 1000 ನಂಬರ್ ವಾಟರ್ ಪೇಪರ್‌ನಲ್ಲಿ ಎಂಟರಂತೆ ತಿರುಗಿಸುತ್ತ ಉಜ್ಜಿ ಪೂರ್ತಿ ಸಮ ಮಾಡಿ. ಗುಂಡಿಗೆ ಸಿಲಿಕೋನ್ ಗ್ರೀಸ್, ತುದಿಯ ಥ್ರಸ್ಟ್ ಬೇರಿಂಗ್‌ಗೆ ಮಾತ್ರ ಕಪ್ಪು ಮಾಲಿ (ಮಾಲಿಬ್ಡಿನಂ) ಗ್ರೀಸ್. ಎರಡನ್ನೂ ಅದಲುಬದಲು ಮಾಡಿದರೆ ಗುಂಡು ಹಿಡಿತ ಬಿಟ್ಟು ಜಾರುತ್ತದೆ, ರಿಂಗ್ ಮೇಲೆ ಗೀರು ಬೀಳುತ್ತದೆ. ನಟ್ ಬಿಗಿಯುವ ಅಳತೆ: ಎರಡೂ ಹಿಂದಿನ ಚಕ್ರ ಗಟ್ಟಿಯಾಗಿ ಹಿಡಿದು ಹೆಬ್ಬೆರಳಿನಿಂದ ಸ್ಪರ್ ತಿರುಗಿಸಲು ನೋಡಿ, ಜಾರಬಾರದು. ಹಿಡಿತ ಬಿಟ್ಟು ಒಂದು ಚಕ್ರ ತಿರುಗಿಸಿದರೆ ಇನ್ನೊಂದು ಉಲ್ಟಾ ನಯವಾಗಿ ತಿರುಗಬೇಕು, ಗರಗರ ಅನ್ನಬಾರದು.

ಮುಂಭಾಗ ಬೇಗ ಮುಗಿಯುತ್ತದೆ. 3 ಮಿ.ಮೀ. ಗಟ್ಟಿ ಡೋವೆಲ್ ಪಿನ್ ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲು) ಆಗಿ, ಅದರ ಮೇಲೆ 0.5 ತಂತಿಯ ಸ್ಪ್ರಿಂಗ್, ಆಟ ಒಂದೂವರೆ ಮಿ.ಮೀ. ಮಾತ್ರ. ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿದ ಕೋನ) 4 ಡಿಗ್ರಿ, ಕ್ಯಾಂಬರ್ (ಚಕ್ರ ಪಕ್ಕಕ್ಕೆ ವಾಲಿದ ಕೋನ) 1, ಟೋ-ಔಟ್ (ಚಕ್ರದ ಮುಂಬದಿ ಹೊರಕ್ಕೆ ತಿರುಗಿದ ಕೋನ) 1. ಬೇರಿಂಗ್ 5×8×2.5. ಮೆತ್ತನೆ ಉಕ್ಕಿನ ಪಿನ್ ಮೊದಲ ಡಿಕ್ಕಿಗೇ ಬಾಗುತ್ತದೆ. ಸರ್ವೋ ಸೇವರ್ (ಡಿಕ್ಕಿಯ ಹೊಡೆತ ಹೀರುವ ತುಂಡು) ಇಲ್ಲದಿದ್ದರೆ ಸರ್ವೋದ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟಾರ್ ಪೆಟ್ಟಿಗೆ) ಗೇರ್ ಉದುರುತ್ತದೆ.

ಟೈರ್

ಈ ಕಾರಿನ ಟೈರ್ ಫೋಮ್‌ನದು. ಫೋಮ್ ಎಂದರೆ ಇವಿಎ (ಚಪ್ಪಲಿ ಅಡಿಗೆ ಬಳಸುವ ಫೋಮ್) ಅಲ್ಲ. ಅದು ಗಟ್ಟಿ, ಹಿಡಿತವಿಲ್ಲ. ಬೇಕಾದದ್ದು ಸ್ಪಂಜ್ ರಬ್ಬರ್. 40 ಮಿ.ಮೀ. ದಪ್ಪದ ತುಂಡಿನಿಂದ ಅಂಚು ಹರಿತ ಮಾಡಿದ ಪೈಪನ್ನು ಡ್ರಿಲ್ ಪ್ರೆಸ್‌ನಲ್ಲಿ ತಿರುಗಿಸಿ, ಸೋಪು ನೀರು ಹಾಕುತ್ತ ಬಳೆ ತೆಗೆಯಬಹುದು. ರಿಮ್ ನೈಲಾನ್ ಸರಳಿನಿಂದ ಲೇತ್‌ನಲ್ಲಿ. ಅಂಟಿಗೆ ಫೆವಿಕಾಲ್ ಎಸ್‌ಆರ್ 998: ಎರಡೂ ಕಡೆ ತೆಳುವಾಗಿ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆಯೇ ಏರಿಸಬೇಕು. ಹಸಿಯಲ್ಲಿ ಏರಿಸಿದ ಟೈರ್ ಮೂರನೇ ತಿರುವಿಗೆ ರಿಮ್ ಬಿಡುತ್ತದೆ. ಒಂದು ದಿನ ಬಿಟ್ಟು 80 ನಂಬರ್ ಎಮರಿ ಪಟ್ಟಿ ಹಿಡಿದು ತಿರುಗಿಸಿ ದುಂಡಗೆ ಮಾಡಿ. ಹಿಂದೆ ಮೃದು ರಬ್ಬರ್, ಮುಂದೆ ಗಟ್ಟಿ. ಉಲ್ಟಾ ಆದರೆ ಕಾರು ಬಾಲ ಬೀಸುತ್ತಲೇ ಇರುತ್ತದೆ.

ಹಿಂದಿನ ಟೈರ್ ಅಳತೆಯೇ ಗೇರಿಂಗ್ ಕೂಡ. 50ರ ಟೈರ್, 16/72ಕ್ಕೆ ಮೋಟಾರಿನ ಒಂದು ಸುತ್ತಿಗೆ ಕಾರು 34.9 ಮಿ.ಮೀ. ಸಾಗುತ್ತದೆ. ಮೋಟಾರ್ ಭಾರದಲ್ಲಿ ನಿಮಿಷಕ್ಕೆ 13,000 ಸುತ್ತಿದರೆ ಗಂಟೆಗೆ 27 ಕಿ.ಮೀ. ಟೈರ್ 48 ಆದಾಗ 33.5, ಆಗ 17ರ ಪಿನಿಯನ್ ಹಾಕಿದರೆ 35.6. 46 ಆದಾಗ 17ರಲ್ಲೇ 34.1. ಪ್ಯಾಕ್ 8 ನಿಮಿಷಕ್ಕೆ ಮೊದಲೇ ಬಸವಳಿದರೆ ಒಂದು ಹಲ್ಲು ಇಳಿಸಿ. ರೇಸ್ ಮುಗಿದ ಮೇಲೂ ಪ್ಯಾಕ್‌ನಲ್ಲಿ ಶಕ್ತಿ ಉಳಿದಿದ್ದರೆ ಒಂದು ಹಲ್ಲು ಏರಿಸಿ, ಎರಡಲ್ಲ.

ವಿದ್ಯುತ್ ಭಾಗ, ಬಾಡಿ

ಅಂದಿನ ಸ್ಪೀಡ್ ಕಂಟ್ರೋಲ್ ಎಂದರೆ ಸರ್ವೋ ತಳ್ಳುವ ಒಂದು ಕೈ, ತಂತಿ ಸುತ್ತಿದ ರೆಸಿಸ್ಟರ್. 0.2 ಓಮ್ ಮೇಲೆ 9 ಆಂಪ್ ಹರಿದರೆ 16 ವ್ಯಾಟ್ ಬರೀ ಶಾಖಕ್ಕೆ ಹೋಗುತ್ತದೆ. ಎಲೆಕ್ಟ್ರಾನಿಕ್ ಕಂಟ್ರೋಲರ್ ಹಾಕುವುದರಲ್ಲಿ ಅವಮಾನವಿಲ್ಲ. ಬ್ರಷ್ ಮೋಟಾರಿನದ್ದೇ ಆಗಿರಲಿ. ರೇಡಿಯೋಗೆ ಗದ್ದಲ ಬಾರದಂತೆ ಮೋಟಾರಿಗೆ ಮೂರು 104 (0.1 ಮೈಕ್ರೋಫ್ಯಾರಡ್) ಕೆಪಾಸಿಟರ್: ಎರಡು ಟರ್ಮಿನಲ್‌ಗಳಿಂದ ಡಬ್ಬಿಗೆ ಒಂದೊಂದು, ಟರ್ಮಿನಲ್‌ಗಳ ನಡುವೆ ಒಂದು. ಹೊಸ ಮೋಟಾರನ್ನು ಭಾರವಿಲ್ಲದೆ 3 ವೋಲ್ಟ್‌ನಲ್ಲಿ ಕೆಲ ನಿಮಿಷ ಓಡಿಸಿ ಬ್ರಷ್ ಕೂರಿಸಿ.

ಬಾಡಿಗೆ ಪೋರ್ಷೆ 956 ಆ ಕಾಲಕ್ಕೆ ಸರಿಹೊಂದುತ್ತದೆ. ಅಸಲಿ ಕಾರಿನ ವ್ಹೀಲ್‌ಬೇಸ್ 2650 ಮಿ.ಮೀ., 1/12ಕ್ಕೆ ಇಳಿಸಿದರೆ ಸುಮಾರು 221. ನಮ್ಮದು 190, ಹಾಗಾಗಿ ಅಚ್ಚನ್ನು ನಡುವಿನಲ್ಲಿ 31 ಮೊಟಕು ಮಾಡಲೇಬೇಕು. ಎಂಡಿಎಫ್ ಅಚ್ಚಿನ ಮೇಲೆ 1 ಮಿ.ಮೀ. ಪಾಲಿಕಾರ್ಬೊನೇಟ್ ವ್ಯಾಕ್ಯೂಮ್ ಮಾಡಿಸುವ ಮುನ್ನ ಶೀಟನ್ನು 120 ಡಿಗ್ರಿಯಲ್ಲಿ ಒಣಗಿಸಿದ್ದಾರೆಯೇ ಕೇಳಿ. ಮಳೆಗಾಲದಲ್ಲಿ ಶೀಟ್ ಹೀರಿದ ತೇವ ಕಾಯಿಸಿದಾಗ ಗುಳ್ಳೆಯಾಗಿ ಏಳುತ್ತದೆ. ಬಣ್ಣ ಒಳಗಿನಿಂದ, ಪಾಲಿಕಾರ್ಬೊನೇಟ್‌ಗೆಂದೇ ಬರುವುದು. ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಚ್ಚುವ) ದ್ರವ ಬಾಡಿಗೆ ತಗುಲಿದರೆ ಅಲ್ಲಿಂದಲೇ ಸೀಳುತ್ತದೆ.

ಓಡಿಸುವ ಮುನ್ನ

ಕಲ್ಲಿನ ಅಂಗಡಿಯಿಂದ ಪಾಲಿಶ್ ಆದ ಗ್ರಾನೈಟ್ ತುಂಡು ತಂದಿಟ್ಟುಕೊಳ್ಳಿ. ಬ್ಯಾಟರಿ ಸಹಿತ ಕಾರನ್ನು ಅದರ ಮೇಲಿಟ್ಟು, ಮುಂದಿನ ತುದಿಯ ನಡು ಬಿಂದುವನ್ನು ಬ್ಲೇಡ್‌ನಿಂದ ಎತ್ತಿ. ಎರಡೂ ಮುಂದಿನ ಚಕ್ರ ಒಟ್ಟಿಗೆ ಏಳಬೇಕು. ಒಂದು ಮೊದಲೆದ್ದರೆ ಚಾಸಿ ತಿರುಚಿದೆ ಎಂದರ್ಥ: ಟಿ-ಬಾರ್ ಸ್ಕ್ರೂಗಳನ್ನೆಲ್ಲ ಸಡಿಲಿಸಿ, ಕಾರನ್ನು ಕಲ್ಲಿಗೆ ಒತ್ತಿ ಹಿಡಿದು, ಅಡ್ಡಡ್ಡ ಕ್ರಮದಲ್ಲಿ ಮತ್ತೆ ಬಿಗಿಯಿರಿ. ಒಂದು ಕಡೆ ಚೆನ್ನಾಗಿ ತಿರುಗಿ ಇನ್ನೊಂದು ಕಡೆ ಗಿರಕಿ ಹೊಡೆಯುವ ಕಾರಿಗೆ ಹೆಚ್ಚಾಗಿ ಇದೇ ರೋಗ. ಆಮೇಲೆ ಎರಡು ಅಡುಗೆಮನೆ ತಕ್ಕಡಿ ಹಿಂದಿನ ಚಕ್ರಗಳ ಕೆಳಗಿಟ್ಟು, ಮುಂದಿನ ಚಕ್ರಗಳ ಕೆಳಗೆ ಅಷ್ಟೇ ಎತ್ತರದ ಹಲಗೆ ಕೊಟ್ಟು ತೂಗಿ. ಎಡ ಬಲ ವ್ಯತ್ಯಾಸ 5 ಗ್ರಾಂ ಒಳಗಿರಲಿ. ಹೆಚ್ಚಿದ್ದರೆ ರಿಸೀವರ್ ಜಾಗ ಬದಲಿಸಿ, ಸೀಸ ಅಂಟಿಸುವುದು ಕೊನೆಯ ಉಪಾಯ.

ಓಡಿಸಲು ಸಿಮೆಂಟ್ ನೆಲದ ಬ್ಯಾಸ್ಕೆಟ್‌ಬಾಲ್ ಅಂಕಣ ಅಥವಾ ಅಪಾರ್ಟ್‌ಮೆಂಟಿನ ನೆಲಮಾಳಿಗೆ ಪಾರ್ಕಿಂಗ್ ಬೇಕು, ಮೊದಲು ಗುಡಿಸಿ. 5 ಮಿ.ಮೀ. ಎತ್ತರದ ಹಾಳೆಗೆ ನಮ್ಮ ಡಾಂಬರು ರಸ್ತೆ ಆಗಿಬರುವುದಿಲ್ಲ. ಮುರಿಯುವ ಕ್ರಮ ಬಹುತೇಕ ಒಂದೇ: ಮೊದಲು ಟಿ-ಬಾರ್, ನಂತರ ಕಿಂಗ್‌ಪಿನ್ ಕೂರುವ ತುಂಡು, ಆಮೇಲೆ ಸ್ಪರ್ ಗೇರ್. ಸಿಎನ್‌ಸಿಗೆ ಕೊಡುವಾಗಲೇ 1.6 ಶೀಟಿನಿಂದ ನಾಲ್ಕು ಟಿ-ಬಾರ್ ಕತ್ತರಿಸಿಕೊಡಲು ಹೇಳಿ. ಮೆಷಿನ್ ಸೆಟ್ ಮಾಡುವ ಖರ್ಚೇ ಹೆಚ್ಚು, ತುಂಡಿನದ್ದಲ್ಲ.